ನನ್ನ ಸ್ಟೋಲನ್ ಇಟ್ಟಿಗೆಯಾಯಿತು, ತಪ್ಪು ಎಲ್ಲಿ?

ನೊಯ್‌ಸ್ಟಾಟ್ ನಿವಾಸಿ | ನವೆಂಬರ್ 2, ಬೆಳಿಗ್ಗೆ 9:40

ಎಲ್ಲರಿಗೂ ನಮಸ್ಕಾರ. ಜರ್ಮನಿಯ ಡ್ರೆಸ್ಡೆನ್‌ಗೆ ಬಂದ ಮೇಲೆ ಇದು ನನ್ನ ಮೂರನೆಯ ಚಳಿಗಾಲ. ಎರಡು ವರ್ಷ ಬೇಕರಿಯ ಕ್ರಿಸ್ಟ್‌ಸ್ಟೋಲನ್, ಅಂದರೆ ಒಣಹಣ್ಣು-ಬೀಜ ತುಂಬಿದ ಕ್ರಿಸ್ಮಸ್ ಸಿಹಿ ಬ್ರೆಡ್, ಕೊಂಡು ತಿಂದೆ. ಈ ವರ್ಷ ಮನೆಯಲ್ಲೇ ಮಾಡುವ ಹುಮ್ಮಸ್ಸು ಬಂದು, ಅಕ್ಟೋಬರ್ 31ರ ರಜೆಯನ್ನು ಪೂರ್ತಿ ಅಡುಗೆಮನೆಯಲ್ಲಿ ಕಳೆದೆ. ಫಲ: ಎರಡು ಇಟ್ಟಿಗೆ. ನಿನ್ನೆ ಒಂದನ್ನು ಕೊಯ್ದೆ. ಕೊಯ್ದೆ ಎನ್ನುವುದಕ್ಕಿಂತ ಗರಗಸ ಆಡಿಸಿದೆ ಎನ್ನಬೇಕು. ಅಂಚು ಮರಳಿನಂತೆ ಉದುರುತ್ತದೆ, ನಡುವೆ ಒಂದು ಪಟ್ಟಿ ಮೇಣದಂತೆ ಒತ್ತಿಕೊಂಡಿದೆ, ಮೇಲಿನ ದ್ರಾಕ್ಷಿಗಳೆಲ್ಲ ಇದ್ದಿಲು. ಕಣಕದ ಬಣ್ಣವೂ ಬೂದು.

ನಾನು ಹಾಕಿದ್ದು: ಟೈಪ್ 405 ಗೋಧಿ ಹಿಟ್ಟು (ಇಲ್ಲಿಯ ನುಣುಪಾದ ಮೈದಾ) 500 ಗ್ರಾಂ, ಬೆಣ್ಣೆ 250 ಗ್ರಾಂ, ಹಾಲು 125 ಮಿಲಿ, ಸಕ್ಕರೆ 100 ಗ್ರಾಂ, ಒಣ ಯೀಸ್ಟ್ ಒಂದು ಪೊಟ್ಟಣ, ದಾಲ್ಚಿನ್ನಿ ಪುಡಿ ಎರಡು ಚಮಚ, ಒಣದ್ರಾಕ್ಷಿ 325 ಗ್ರಾಂ, ಕಿತ್ತಳೆ ಮತ್ತು ಮಾದಲ ಹಣ್ಣಿನ ಪಾಕಗಟ್ಟಿದ ಸಿಪ್ಪೆ 100 ಗ್ರಾಂ, ಬಾದಾಮಿ 75 ಗ್ರಾಂ. ಅಳತೆ ಸರಿಯಾಗಿಯೇ ಇದೆ ಎಂದುಕೊಂಡಿದ್ದೇನೆ. ಸಾಮಾನಿಗೇ ಇಪ್ಪತ್ತು ಯೂರೋ ದಾಟಿತು. ಇನ್ನೊಮ್ಮೆ ಮಾಡುವ ಮೊದಲು ತಿಳಿದವರು ದಾರಿ ತೋರಿಸಬೇಕು.

ಬೆಣ್ಣೆಗಳ್ಳ | ನವೆಂಬರ್ 2, ಬೆಳಿಗ್ಗೆ 9:58

ಎರಡನೆಯ ಇಟ್ಟಿಗೆಯನ್ನು ಎಸೆಯಬೇಡಿ. ಬಾಗಿಲಿಗೆ ಆನಿಸಿಡಲು ಒಳ್ಳೆಯದು, ಮನೆಯೂ ಘಮಘಮ ಎನ್ನುತ್ತದೆ.

ತಕ್ಕಡಿ | ನವೆಂಬರ್ 2, ಬೆಳಿಗ್ಗೆ 10:15

ಅಳತೆ ಬಹುಮಟ್ಟಿಗೆ ಸರಿಯಾಗಿದೆ. ಮಾಡಿದ ಕ್ರಮವನ್ನು ನೀವು ಬರೆದೇ ಇಲ್ಲ, ತಪ್ಪು ಅಲ್ಲಿರಬೇಕು. ಬೆಣ್ಣೆಯನ್ನು ಕರಗಿಸಿದಿರಾ, ಮೆತ್ತಗೆ ಮಾಡಿದಿರಾ? ದ್ರಾಕ್ಷಿಯನ್ನು ನೆನೆಸಿದ್ದಿರಾ? ಎಲ್ಲವನ್ನೂ ಒಂದೇ ಸಲ ಸೇರಿಸಿದಿರಾ? ಕಣಕವನ್ನು ಎಲ್ಲಿಟ್ಟು ಉಬ್ಬಿಸಿದಿರಿ? ಓವನ್ನಿನಲ್ಲಿ ಫ್ಯಾನ್ ಓಡುತ್ತಿತ್ತೇ? ಎಷ್ಟು ಹೊತ್ತು ಬೇಯಿಸಿದಿರಿ?

ನೊಯ್‌ಸ್ಟಾಟ್ ನಿವಾಸಿ | ನವೆಂಬರ್ 2, ಬೆಳಿಗ್ಗೆ 10:41

ಬೆಣ್ಣೆ ಕರಗಿಸಿದೆ. ದ್ರಾಕ್ಷಿ ಪೊಟ್ಟಣದಿಂದ ನೇರವಾಗಿ ಪಾತ್ರೆಗೆ. ಎಲ್ಲವನ್ನೂ ಯಂತ್ರಕ್ಕೆ ಸುರಿದು ಹದಿನೈದು ನಿಮಿಷ ತಿರುಗಿಸಿದೆ. ನಮ್ಮ ಅಡುಗೆಮನೆ ತಣ್ಣಗಿರುತ್ತದೆ, ಆದ್ದರಿಂದ ಓವನ್ನನ್ನು 50 ಡಿಗ್ರಿಗೆ ಇಟ್ಟು ಅದರೊಳಗೆ ಒಂದೂವರೆ ಗಂಟೆ ಇಟ್ಟೆ. ತೆಗೆದಾಗ ಪಾತ್ರೆಯ ತಳದಲ್ಲಿ ಹಳದಿ ಎಣ್ಣೆ ನಿಂತಿತ್ತು. ಕಣಕ ಉಬ್ಬಿರಲಿಲ್ಲ. ಬೇಯುವಾಗ ಉಬ್ಬೀತು ಎಂಬ ಆಸೆಯಿಂದ ಫ್ಯಾನ್ ಹಾಕಿ 180 ಡಿಗ್ರಿಯಲ್ಲಿ 70 ನಿಮಿಷ ಬೇಯಿಸಿದೆ.

ಬರೆಯುತ್ತಿದ್ದಂತೆ ನನಗೇ ಅರ್ಧ ಅರ್ಥವಾಗುತ್ತಿದೆ.

ತಕ್ಕಡಿ | ನವೆಂಬರ್ 2, ಬೆಳಿಗ್ಗೆ 11:30

ಉಳಿದರ್ಧವನ್ನು ನಾನು ಹೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡಿ, ಈ ಪಟ್ಟಿಯಲ್ಲಿ ನಾಲ್ಕನ್ನು ನಾನೂ ಮಾಡಿದ್ದೇನೆ.

ಸ್ಟೋಲನ್ ಸಾಧಾರಣ ಸಿಹಿ ಬ್ರೆಡ್ ಅಲ್ಲ. ಹಿಟ್ಟಿನ ತೂಕದ ಅರ್ಧದಷ್ಟು ಬೆಣ್ಣೆ, ಹಿಟ್ಟಿನಷ್ಟೇ ತೂಕದ ಹಣ್ಣು-ಬೀಜ. ಇಷ್ಟು ಭಾರವನ್ನು ಹೊರಬೇಕಾದ ಯೀಸ್ಟ್ ಮೊದಲೇ ಗಟ್ಟಿಯಾಗಿ ನಿಂತಿರಬೇಕು. ಕೊಬ್ಬು ಹಿಟ್ಟಿನ ಕಣಗಳಿಗೆ ಮೊದಲೇ ಮೆತ್ತಿಕೊಂಡರೆ ಅವು ನೀರು ಹೀರುವುದಿಲ್ಲ, ನಾರು ಕಟ್ಟುವುದಿಲ್ಲ. ಸಕ್ಕರೆ ಜಾಸ್ತಿಯಾದರೆ ಅದು ಯೀಸ್ಟಿನ ಕೋಶಗಳಿಂದಲೇ ನೀರನ್ನು ಹೊರಗೆಳೆಯುತ್ತದೆ. ನೀವು ಎಲ್ಲವನ್ನೂ ಒಟ್ಟಿಗೆ ಸುರಿದು ಈ ಎರಡು ಕಷ್ಟಗಳನ್ನೂ ಅದರ ತಲೆಗೆ ಕಟ್ಟಿದಿರಿ. ಮೇಲೆ ಎರಡು ಚಮಚ ದಾಲ್ಚಿನ್ನಿ. ದಾಲ್ಚಿನ್ನಿಯ ಘಾಟಿಗೆ ಕಾರಣವಾದ ವಸ್ತುವೇ ಯೀಸ್ಟಿನ ಚಟುವಟಿಕೆಯನ್ನು ತಗ್ಗಿಸುತ್ತದೆ.

50 ಡಿಗ್ರಿಯ ಓವನ್ ನಿಜವಾದ ಖಳನಾಯಕ. ಬೆಣ್ಣೆ ಕರಗುವುದು 32ರಿಂದ 35 ಡಿಗ್ರಿಯಲ್ಲಿ. ಕರಗಿದ ಬೆಣ್ಣೆ ಕಣಕದಲ್ಲಿ ನಿಲ್ಲುವುದಿಲ್ಲ, ತಳಕ್ಕೆ ಇಳಿಯುತ್ತದೆ. ನೀವು ನೋಡಿದ ಹಳದಿ ಎಣ್ಣೆ ಅದೇ. ಒಳಗೆ ಮೇಣದಂತಾದ ಪಟ್ಟಿಯೂ ಅದೇ: ಉಬ್ಬದ ಕಣಕ, ಇಳಿದ ಬೆಣ್ಣೆ. 50 ಡಿಗ್ರಿಯಲ್ಲಿ ಯೀಸ್ಟ್ ಕೂಡ ಸಾಯತೊಡಗುತ್ತದೆ. ಸ್ಟೋಲನ್ನಿನ ಕಣಕ 24ರಿಂದ 26 ಡಿಗ್ರಿ ದಾಟಬಾರದು. ನಿಮ್ಮ ತಣ್ಣನೆಯ ಅಡುಗೆಮನೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ನೀವೇ ಅದರ ಕಾಲು ಎಳೆದಿರಿ.

ಒಣಗಿದ್ದಕ್ಕೆ ಎರಡು ಕಾರಣ. ನೆನೆಸದ ದ್ರಾಕ್ಷಿ ಬಾಯಾರಿದ ನೆಂಟರಿದ್ದಂತೆ, ಬಂದ ಕೂಡಲೇ ಕಣಕದ ನೀರೆಲ್ಲ ಕುಡಿಯುತ್ತದೆ. 125 ಮಿಲಿ ಹಾಲಿನಲ್ಲಿ ಅದಕ್ಕೆಷ್ಟು, ಹಿಟ್ಟಿಗೆಷ್ಟು? ಎರಡನೆಯದು, ಫ್ಯಾನಿನ 180 ಎಂದರೆ ಮೇಲೆ-ಕೆಳಗಿನ ಶಾಖದಲ್ಲಿ ಹೆಚ್ಚುಕಡಿಮೆ 200. ಮುಕ್ಕಾಲು ಕಿಲೋದ ಸ್ಟೋಲನ್ನಿಗೆ ಅದರಲ್ಲಿ 70 ನಿಮಿಷ ಎಂದರೆ ಶಿಕ್ಷೆ. ಬೂದು ಬಣ್ಣ ಯಾಕೆಂದರೆ, ಯಂತ್ರದ ಕೊಕ್ಕೆ ಹದಿನೈದು ನಿಮಿಷ ದ್ರಾಕ್ಷಿಯನ್ನು ಅರೆದಿದೆ.

ಯೀಸ್ಟೂ ಕಡಿಮೆಯಾಯಿತು. 7 ಗ್ರಾಂ ಪೊಟ್ಟಣ ಸಾಧಾರಣ ಕಣಕಕ್ಕೆ ಸಾಕು, ಇದಕ್ಕೆ ಎರಡು ಬೇಕು. ಅಥವಾ 42 ಗ್ರಾಂನ ತಾಜಾ ಯೀಸ್ಟಿನ ಒಂದು ಇಡೀ ಗಟ್ಟಿ.

ಬೆಣ್ಣೆಗಳ್ಳ | ನವೆಂಬರ್ 2, ಬೆಳಿಗ್ಗೆ 11:34

ತಕ್ಕಡಿ ಅವರೇ, ಇದು ಉತ್ತರವಲ್ಲ, ಮರಣೋತ್ತರ ಪರೀಕ್ಷೆಯ ವರದಿ.

ಬೆಟ್ಟದ ಸೊಸೆ | ನವೆಂಬರ್ 2, ಮಧ್ಯಾಹ್ನ 2:05

ನಾನು ಎರ್ಟ್ಸ್‌ಗೆಬಿರ್ಗೆ ಬೆಟ್ಟಸೀಮೆಯ ಹಳ್ಳಿಗೆ ಸೊಸೆಯಾಗಿ ಬಂದು ಹನ್ನೊಂದು ವರ್ಷ. ನಮ್ಮ ಅತ್ತೆ ಪ್ರತಿ ನವೆಂಬರ್‌ನಲ್ಲೂ ಹತ್ತು ಸ್ಟೋಲನ್ ಮಾಡುತ್ತಾರೆ. ಥರ್ಮಾಮೀಟರ್ ಮುಟ್ಟಿದವರಲ್ಲ. ಆದರೆ ತಕ್ಕಡಿ ಅವರು ಅಂಕಿಯಲ್ಲಿ ಹೇಳಿದ್ದನ್ನೇ ಅವರು ಕೈಯಲ್ಲಿ ಹೇಳುತ್ತಾರೆ: ‘ಕಣಕ ನಿನ್ನ ಕೈಗೆ ತಂಪಾಗಿರಬೇಕು, ಬೆಚ್ಚಗೆ ಅನ್ನಿಸಿದರೆ ಆಗಲೇ ತಡವಾಗಿದೆ.’

ಅವರ ಕೆಲಸ ಹಿಂದಿನ ರಾತ್ರಿಯೇ ಶುರುವಾಗುತ್ತದೆ. ದ್ರಾಕ್ಷಿಯನ್ನು ಬಿಸಿನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಹರಡಿ ಒರೆಸಿ, ರಮ್ಮಿನಲ್ಲಿ ನೆನೆಸಿ ಮುಚ್ಚಿಡುತ್ತಾರೆ. ಬಾದಾಮಿಯನ್ನು ಹೆಚ್ಚಿ ಸ್ವಲ್ಪ ಹಾಲಿನಲ್ಲಿ ನೆನೆಸುತ್ತಾರೆ, ಇದನ್ನು ಬಹಳ ಜನ ಮರೆಯುತ್ತಾರೆ. ಒಣ ಬಾದಾಮಿಯೂ ನೀರು ಕದಿಯುತ್ತದೆ. ಬೆಳಿಗ್ಗೆ ಜರಡಿಯಲ್ಲಿ ಸೋಸಿ, ಉಳಿದ ರಮ್ಮನ್ನು ಮಾವನವರ ಚಹಾಕ್ಕೆ ಸುರಿಯುತ್ತಾರೆ. ಕಣಕಕ್ಕೆ ಸುರಿದರೆ ಅದು ಅಂಟಂಟಾಗಿ ಕೈಬಿಡುವುದೇ ಇಲ್ಲ, ಮದ್ಯ ಹೆಚ್ಚಾದರೆ ಯೀಸ್ಟ್ ಬೇರೆ ಮುನಿಸಿಕೊಳ್ಳುತ್ತದೆ.

ಹಣ್ಣನ್ನು ಕೊನೆಯಲ್ಲಿ, ಕೈಯಲ್ಲಿ, ಎರಡೇ ನಿಮಿಷದಲ್ಲಿ ಸೇರಿಸಬೇಕು. ಕಣಕವನ್ನು ಹರಡಿ, ಹಣ್ಣು ಚೆಲ್ಲಿ, ಮಡಿಸಿ, ಒತ್ತಿ, ಮತ್ತೆ ಮಡಿಸುವುದು. ನಾದುವುದಲ್ಲ. ಇನ್ನೊಂದು ಮಾತು. ಹಣ್ಣಿನ ಪಾತ್ರೆಯನ್ನು ಹಿಂದಿನ ರಾತ್ರಿ ತಣ್ಣನೆಯ ಕೋಣೆಯಲ್ಲಿಟ್ಟಿದ್ದರೆ ಬೆಳಿಗ್ಗೆ ಬೇಗ ಹೊರಗೆ ತೆಗೆದಿಡಿ. ಒಂದು ವರ್ಷ ನಾನು ಹಿಮದಂಥ ದ್ರಾಕ್ಷಿಯನ್ನು ಸೇರಿಸಿ, ಕಣಕ ಎರಡು ಗಂಟೆ ಅಲುಗಾಡದೆ ಕುಳಿತಿತ್ತು. ಅತ್ತೆ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಹೆಚ್ಚು ನೋಯಿಸಿತು.

ಅಂದಹಾಗೆ ಅತ್ತೆಯ ತಾಯಿಯ ಕಾಲದಲ್ಲಿ ಮನೆಯಲ್ಲಿ ಬೇಯಿಸುತ್ತಿರಲಿಲ್ಲ. ಸಾಮಾನುಗಳನ್ನು ಬುಟ್ಟಿಯಲ್ಲಿ ಊರಿನ ಬೇಕರಿಗೆ ಹೊತ್ತುಕೊಂಡು ಹೋಗಿ ಅಲ್ಲಿ ಕಣಕ ಮಾಡಿಸಿ, ಅಲ್ಲಿಯದೇ ಒಲೆಯಲ್ಲಿ ಬೇಯಿಸುತ್ತಿದ್ದರು. ಯಾವುದು ಯಾರದೆಂದು ಗುರುತಿಸಲು ಪ್ರತಿ ಮನೆಯವರೂ ಹೆಸರು ಕೊರೆದ ಪುಟ್ಟ ತಗಡಿನ ಗುರುತನ್ನು ಕಣಕಕ್ಕೆ ಚುಚ್ಚುತ್ತಿದ್ದರು. ನಮ್ಮ ಮನೆಯ ಮೂರು ಗುರುತುಗಳು ಇನ್ನೂ ಚಮಚದ ಡಬ್ಬಿಯಲ್ಲಿ ಇವೆ.

ದ್ರಾಕ್ಷಿ ಬೇಡ | ನವೆಂಬರ್ 2, ಸಂಜೆ 4:20

ದ್ರಾಕ್ಷಿಯನ್ನೇ ಬಿಟ್ಟು, ಆ ಜಾಗಕ್ಕೆ ಮಾರ್ಜಿಪಾನ್ (ಬಾದಾಮಿ-ಸಕ್ಕರೆಯ ಮುದ್ದೆ) ತುಂಬಿದರೆ ಈ ಎಲ್ಲ ರಗಳೆಯೂ ಇರುವುದಿಲ್ಲ. ನಾನು ಹಾಗೆಯೇ ಮಾಡುತ್ತೇನೆ. ಅದೂ ಡ್ರೆಸ್ಡೆನ್ ಸ್ಟೋಲನ್ನೇ ತಾನೇ?

ಹಳೆಯ ಕಾಗದ | ನವೆಂಬರ್ 2, ಸಂಜೆ 5:10

ತಿನ್ನಲು ಅಡ್ಡಿಯಿಲ್ಲ, ಕರೆಯಲು ಅಡ್ಡಿಯಿದೆ. ಡ್ರೆಸ್ಡನರ್ ಕ್ರಿಸ್ಟ್‌ಸ್ಟೋಲನ್ ಎಂಬ ಹೆಸರಿಗೆ 2010ರಿಂದ ಯುರೋಪಿಯನ್ ಒಕ್ಕೂಟದ ಭೌಗೋಳಿಕ ರಕ್ಷಣೆ ಇದೆ. ಆ ಹೆಸರಿನಲ್ಲಿ ಮಾರಬೇಕಾದರೆ ಡ್ರೆಸ್ಡೆನ್ನಲ್ಲೋ ಅದರ ಸುತ್ತಲಿನ ಗೊತ್ತುಪಡಿಸಿದ ಊರುಗಳಲ್ಲೋ ಮಾಡಿರಬೇಕು. 100 ಭಾಗ ಹಿಟ್ಟಿಗೆ ಕನಿಷ್ಠ 50 ಭಾಗ ಬೆಣ್ಣೆ, 65 ಭಾಗ ಒಣದ್ರಾಕ್ಷಿ, 20 ಭಾಗ ಪಾಕಗಟ್ಟಿದ ಸಿಪ್ಪೆ, 15 ಭಾಗ ಬಾದಾಮಿ ಇರಬೇಕು. ಮಾರ್ಗರೀನ್ ಸಲ್ಲದು. ನೊಯ್‌ಸ್ಟಾಟ್ ನಿವಾಸಿ ಅವರ ಅಳತೆ ಇದರದೇ ಪ್ರತಿ: 250, 325, 100, 75.

ಬರೀ ‘ಸ್ಟೋಲನ್’ ಎಂಬ ಹೆಸರಿಗೆ ಜರ್ಮನಿಯ ಆಹಾರ ಮಾರ್ಗಸೂಚಿಯ ಅಳತೆ ಸಡಿಲ: 100 ಕಿಲೋ ಹಿಟ್ಟಿಗೆ 30 ಕಿಲೋ ಕೊಬ್ಬು, 60 ಕಿಲೋ ಒಣಹಣ್ಣು. ‘ಬೆಣ್ಣೆ ಸ್ಟೋಲನ್’ ಎಂದರೆ 40 ಮತ್ತು 70. ‘ಮಾರ್ಜಿಪಾನ್ ಸ್ಟೋಲನ್’ ಎಂಬುದು ಬೇರೆಯೇ ಬಗೆ, ಅದಕ್ಕೆ ಕನಿಷ್ಠ 5 ಕಿಲೋ ಮಾರ್ಜಿಪಾನ್ ಸಾಕು. ಗಸಗಸೆಯದು, ಕ್ವಾರ್ಕ್ (ಮೆದು ಚೀಸ್) ಬೆರೆಸಿದ್ದು, ಬಾದಾಮಿಯದು ಎಂದು ಇನ್ನೂ ಹಲವು. ನಿಮಗೆ ಗಸಗಸೆಯದು ಒಪ್ಪಬಹುದು, ದ್ರಾಕ್ಷಿಯ ಹಂಗು ಕಡಿಮೆ.

ದ್ರಾಕ್ಷಿ ಬೇಡ | ನವೆಂಬರ್ 2, ಸಂಜೆ 5:18

ನನ್ನ ಅಡುಗೆಮನೆಗೆ ಯಾವ ಒಕ್ಕೂಟದ ಅಧಿಕಾರಿಯೂ ಬರುವುದಿಲ್ಲ. ಆದರೂ ಮಾಹಿತಿಗೆ ಧನ್ಯವಾದ.

ಮೊದಲ ಕಣಕ | ನವೆಂಬರ್ 3, ರಾತ್ರಿ 8:12

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮೆಯಿರಲಿ. ನಾನು ಕೆಮ್‌ನಿಟ್ಸ್‌ನಲ್ಲಿ ಓದುತ್ತಿದ್ದೇನೆ. ಮೊಟ್ಟೆ ತಿನ್ನುವುದಿಲ್ಲ, ರಮ್ ಕೂಡ ಬೇಡ. ಎರಡೂ ಇಲ್ಲದೆ ಸ್ಟೋಲನ್ ಮಾಡಬಹುದೇ? ನನ್ನ ಬಳಿ ಯಂತ್ರವೂ ಇಲ್ಲ, ಹಾಸ್ಟೆಲಿನ ಓವನ್ ಎಡಗಡೆ ಮಾತ್ರ ಬಿಸಿಯಾಗುತ್ತದೆ.

ಬೆಟ್ಟದ ಸೊಸೆ | ನವೆಂಬರ್ 3, ರಾತ್ರಿ 9:00

ಬಾಯಿ ಹಾಕದಿದ್ದರೆ ತಿನ್ನುವುದು ಹೇಗೆ, ಕೇಳಿ ತಂಗಿ. (ತಮ್ಮನಾಗಿದ್ದರೆ ತಿದ್ದಿಕೊಳ್ಳುತ್ತೇನೆ.)

ಮೊಟ್ಟೆಯ ಚಿಂತೆ ಬಿಡಿ. ಹಳೆಯ ಕ್ರಮದ ಸ್ಟೋಲನ್ನಿಗೆ ಮೊಟ್ಟೆ ಹಾಕುವುದೇ ಇಲ್ಲ. ಹಾಕಿದರೆ ಒಳಭಾಗ ಬೇಗ ಒಣಗುತ್ತದೆ ಎಂದು ಅತ್ತೆ ಹೇಳುತ್ತಾರೆ. ರಮ್ಮಿನ ಬದಲು ಸೇಬಿನ ರಸ ಅಥವಾ ಕಿತ್ತಳೆ ರಸದಲ್ಲಿ ನೆನೆಸಿ. ರುಚಿ ಕೆಡುವುದಿಲ್ಲ. ಆದರೆ ಮೂರು ವಾರ ಇಡಬೇಡಿ, ಒಂದು ವಾರ ಹತ್ತು ದಿನದೊಳಗೆ ಮುಗಿಸಿ. ಅಂಗಡಿಯ ಮಾರ್ಜಿಪಾನ್, ಎಸೆನ್ಸ್‌ಗಳಲ್ಲಿ ಮದ್ಯ ಇರುವುದುಂಟು, ಪೊಟ್ಟಣದ ಹಿಂಬದಿ ಓದಿ.

ಯಂತ್ರ ಇಲ್ಲದಿರುವುದು ಇಲ್ಲಿ ಲಾಭವೇ. ಕೈಯಲ್ಲಿ ನಾದಿದ ಕಣಕ ಅತಿಯಾಗಿ ಬಿಸಿಯಾಗುವುದಿಲ್ಲ. ಓವನ್ ಎಡಗಡೆ ಮಾತ್ರ ಬಿಸಿಯಾದರೆ ಅರ್ಧ ಹೊತ್ತಿಗೆ ಟ್ರೇ ತಿರುಗಿಸಿ, ಅಷ್ಟೇ.

ಮೊದಲ ಕಣಕ | ನವೆಂಬರ್ 3, ರಾತ್ರಿ 9:04

ತಂಗಿಯೇ, ಅಕ್ಕ. ತಿದ್ದುವುದು ಬೇಡ.

ನೊಯ್‌ಸ್ಟಾಟ್ ನಿವಾಸಿ | ನವೆಂಬರ್ 5, ಸಂಜೆ 7:30

ಶನಿವಾರ ಮತ್ತೆ ಮಾಡುತ್ತಿದ್ದೇನೆ. ತಕ್ಕಡಿ ಅವರೇ, ತಪ್ಪುಗಳ ಪಟ್ಟಿ ಕೊಟ್ಟಿರಿ, ಈಗ ಸರಿಯಾದ ಕ್ರಮವನ್ನೂ ಒಂದೆಡೆ ಬರೆದುಕೊಡಿ.

ತಕ್ಕಡಿ | ನವೆಂಬರ್ 5, ರಾತ್ರಿ 10:20

ಅದೇ 500 ಗ್ರಾಂ ಲೆಕ್ಕ. ಹಿಟ್ಟು ಮಾತ್ರ ಟೈಪ್ 550 ತನ್ನಿ, ಅದು 405ಕ್ಕಿಂತ ಭಾರ ತಾಳುತ್ತದೆ. ಶುಕ್ರವಾರ ರಾತ್ರಿ ಹಣ್ಣು, ಬಾದಾಮಿ ನೆನೆಸುವುದನ್ನು ಬೆಟ್ಟದ ಸೊಸೆ ಅವರು ಹೇಳಿದ ಹಾಗೆಯೇ ಮಾಡಿ.

ಬೆಳಿಗ್ಗೆ ಮೊದಲು ಮುಂಗಣಕ. 150 ಗ್ರಾಂ ಹಿಟ್ಟು, ಕೈಗೆ ಹಿತವಾಗುವಷ್ಟೇ ಬೆಚ್ಚಗಿನ 130 ಮಿಲಿ ಹಾಲು, ಒಂದು ಗಟ್ಟಿ ತಾಜಾ ಯೀಸ್ಟ್, ಚಿಟಿಕೆ ಸಕ್ಕರೆ. ಬೆಣ್ಣೆಯೂ ಇಲ್ಲ, ಉಪ್ಪೂ ಇಲ್ಲ. ಮುಚ್ಚಿಟ್ಟು ಅರ್ಧದಿಂದ ಮುಕ್ಕಾಲು ಗಂಟೆ. ಮೇಲೆ ಗುಳ್ಳೆ ತುಂಬಿ, ನಡುಭಾಗ ತುಸು ಕುಸಿಯತೊಡಗಿದಾಗ ಸಿದ್ಧ. ಅದು ಉಬ್ಬದಿದ್ದರೆ ಅಲ್ಲೇ ನಿಲ್ಲಿಸಿ ಬೇರೆ ಯೀಸ್ಟ್ ತನ್ನಿ. ಹೋಗುವುದು 150 ಗ್ರಾಂ ಹಿಟ್ಟು, ಉಳಿಯುವುದು ಇಪ್ಪತ್ತು ಯೂರೋ.

ಅದಕ್ಕೆ ಉಳಿದ 350 ಗ್ರಾಂ ಹಿಟ್ಟು, 60 ಗ್ರಾಂ ಸಕ್ಕರೆ (ನೂರು ಬೇಡ, ಹೊರಗಡೆ ಬೇಕಾದಷ್ಟು ಬರುತ್ತದೆ), 5 ಗ್ರಾಂ ಉಪ್ಪು, ಒಂದು ನಿಂಬೆಯ ತುರಿದ ಸಿಪ್ಪೆ, ವೆನಿಲಾ, ಚಿಟಿಕೆ ಜಾಪತ್ರೆ, ಚಿಟಿಕೆ ಏಲಕ್ಕಿ. ಕಹಿಬಾದಾಮಿಯ ಪರಿಮಳ ಬೇಕಿದ್ದರೆ ಎಸೆನ್ಸಿನ ಎರಡು ಮೂರು ಹನಿ. ನಿಜವಾದ ಕಹಿಬಾದಾಮಿಯನ್ನು ಹಸಿಯಾಗಿ ತಿಂದರೆ ಸಯನೈಡ್ ಬಿಡುಗಡೆಯಾಗುತ್ತದೆ, ಮಕ್ಕಳಿರುವ ಮನೆಯಲ್ಲಿ ಅದನ್ನು ಇಡಲೇಬೇಡಿ. ಒರಟಾಗಿ ಕಲಸಿದ ಮೇಲೆ ಬೆಣ್ಣೆಯನ್ನು ನಾಲ್ಕೈದು ಸಲವಾಗಿ ಸೇರಿಸಿ. ಬೆರಳಿಟ್ಟರೆ ಗುಳಿ ಬೀಳಬೇಕು, ಹೊಳೆಯಬಾರದು. ಹೊಳೆಯಿತೆಂದರೆ ಕರಗುತ್ತಿದೆ ಎಂದರ್ಥ. ಎಂಟು ಹತ್ತು ನಿಮಿಷ ನಾದಿ. ಮೊದಲು ಚಿಂದಿಚಿಂದಿಯಾಗಿ ಹೆದರಿಸುತ್ತದೆ, ಆಮೇಲೆ ಒಟ್ಟಾಗುತ್ತದೆ.

ಒಂದು ಗಂಟೆ ವಿಶ್ರಾಂತಿ, ಕೋಣೆಯಲ್ಲೇ. ದುಪ್ಪಟ್ಟಾಗುವುದನ್ನು ಕಾಯಬೇಡಿ, ಆಗುವುದಿಲ್ಲ. ತುಸು ಉಬ್ಬಿ ಮೆತ್ತಗಾದರೆ ಸಾಕು. ಹಣ್ಣು ಮಡಿಸಿ ಸೇರಿಸಿ, ಅರ್ಧ ಗಂಟೆ ಬಿಡಿ. ಎರಡು ಪಾಲು ಮಾಡಿ. ಪ್ರತಿಯೊಂದನ್ನೂ ದಪ್ಪನೆಯ ಅಂಡಾಕಾರಕ್ಕೆ ತಟ್ಟಿ, ಲಟ್ಟಣಿಗೆಯಿಂದ ಉದ್ದಕ್ಕೆ ಒಂದು ಹಳ್ಳ ಒತ್ತಿ, ಒಂದು ಬದಿಯನ್ನು ಇನ್ನೊಂದರ ಮೇಲೆ ಮಡಿಸಿ. ಬಟ್ಟೆಯಲ್ಲಿ ಸುತ್ತಿದ ಕೂಸಿನಂತೆ ಕಾಣಬೇಕು, ಬಾಲಯೇಸುವಿನ ನೆನಪಿಗೆ. ಹೊರಗೆ ಇಣುಕುವ ದ್ರಾಕ್ಷಿಗಳನ್ನು ಕಿತ್ತು ಒಳಗೆ ತುರುಕಿ, ಸುಡುವುದು ಅವೇ. ಟ್ರೇ ಮೇಲೆ ಹರಡಿಹೋಗದಂತೆ ಅಲ್ಯೂಮಿನಿಯಂ ಹಾಳೆಯನ್ನು ಮೂರು ಪದರ ಮಡಿಸಿ ಸುತ್ತ ಬೇಲಿ ಕಟ್ಟಬಹುದು.

ಇನ್ನು ಇಪ್ಪತ್ತು ಮೂವತ್ತು ನಿಮಿಷ ಬಿಟ್ಟು, ಫ್ಯಾನ್ ಇಲ್ಲದೆ 175 ಡಿಗ್ರಿಯಲ್ಲಿ 45ರಿಂದ 50 ನಿಮಿಷ. ಒಳಗಿನ ಶಾಖ 92ರಿಂದ 94 ಡಿಗ್ರಿ ಮುಟ್ಟಿದರೆ ಹೊರತೆಗೆಯಿರಿ. ಗಡಿಯಾರಕ್ಕಿಂತ ಇದನ್ನು ನಂಬಿ.

ಬೆಟ್ಟದ ಸೊಸೆ | ನವೆಂಬರ್ 5, ರಾತ್ರಿ 10:48

ಹೊರಗೆ ತೆಗೆದ ಮೇಲಿನದನ್ನು ನಾನು ಸೇರಿಸುತ್ತೇನೆ, ಏಕೆಂದರೆ ಸ್ಟೋಲನ್ ಬಾಳಿಕೆ ಬರುವುದು ಅಲ್ಲಿ. ಸುಟ್ಟ ದ್ರಾಕ್ಷಿ ಇದ್ದರೆ ಕಿತ್ತುಹಾಕಿ. ಬಿಸಿಯಿರುವಾಗಲೇ ಕರಗಿಸಿದ ಬೆಣ್ಣೆಯನ್ನು ಎಲ್ಲ ಕಡೆ, ಅಡಿಗೂ, ಎರಡು ಮೂರು ಸಲ ಬಳಿಯಿರಿ. ಎರಡಕ್ಕೂ ಸೇರಿ 125 ಗ್ರಾಂ ಬೇಕು, ಕೈ ಹಿಡಿಯಬೇಡಿ. ಬುಟರ್‌ಶ್ಮಾಲ್ಟ್ಸ್, ಅಂದರೆ ನೀರಿನಂಶ ತೆಗೆದ ಬೆಣ್ಣೆ, ಇನ್ನೂ ಒಳ್ಳೆಯದು. ನೀರಿಲ್ಲದ ಕಡೆ ಬೂಷ್ಟು ಬೇಗ ಬರುವುದಿಲ್ಲ. ಬೆಣ್ಣೆ ಹಸಿಯಿರುವಾಗ ಸಣ್ಣ ಸಕ್ಕರೆಯಲ್ಲಿ ಹೊರಳಿಸಿ. ಪೂರ್ತಿ ಆರಿದ ಮೇಲೆ ಸಕ್ಕರೆ ಪುಡಿಯನ್ನು ದಪ್ಪನಾಗಿ ಜರಡಿ ಹಿಡಿಯಿರಿ. ಬಿಸಿಗೆ ಹಾಕಿದರೆ ಕರಗಿ ಅಂಟಾಗುತ್ತದೆ. ಈ ಬಿಳಿ ಪದರ ಅಲಂಕಾರಕ್ಕಲ್ಲ. ಬೆಣ್ಣೆ-ಸಕ್ಕರೆಯ ಆ ಕವಚ ತೇವವನ್ನು ಒಳಗೆ ಹಿಡಿದಿಡುತ್ತದೆ.

ಬೆಣ್ಣೆಗಳ್ಳ | ನವೆಂಬರ್ 5, ರಾತ್ರಿ 11:02

ಕಣಕಕ್ಕೆ 250, ಮೇಲಕ್ಕೆ 125. ಈ ಚರ್ಚೆಗೆ ನನ್ನ ಹೆಸರೇ ಸಾಕ್ಷಿ.

ಹಳೆಯ ಕಾಗದ | ನವೆಂಬರ್ 6, ಬೆಳಿಗ್ಗೆ 8:15

ಬೆಣ್ಣೆಯ ಮಾತು ಬಂದದ್ದರಿಂದ ಒಂದು ಕಥೆ, ಶನಿವಾರ ನಾದುತ್ತಾ ನೆನೆಯಲು. ಡ್ರೆಸ್ಡೆನ್ನಿನ ಸ್ಟೋಲನ್ ಮೊದಲು ಕಾಣಿಸಿಕೊಳ್ಳುವುದು 1474ರಲ್ಲಿ, ಅಲ್ಲಿಯ ಬಾರ್ತೊಲೊಮೇಯಸ್ ಆಸ್ಪತ್ರೆಯ ಲೆಕ್ಕಪತ್ರದಲ್ಲಿ. ಆಗ ಅದು ಉಪವಾಸದ ದಿನಗಳ ತಿಂಡಿ: ಹಿಟ್ಟು, ಯೀಸ್ಟ್, ನೀರು, ಎಣ್ಣೆ. ಕ್ರಿಸ್ಮಸ್‌ಗೆ ಮುಂಚಿನ ವಾರಗಳಲ್ಲಿ ಬೆಣ್ಣೆ, ಹಾಲು ನಿಷಿದ್ಧ. ಡ್ರೆಸ್ಡೆನ್ ಇರುವ ಸ್ಯಾಕ್ಸನಿಯ ದೊರೆಗಳು ಈ ನಿಷೇಧ ಸಡಿಲಿಸುವಂತೆ ಪೋಪರಿಗೆ ಮೊರೆಯಿಟ್ಟರು. ಹದಿನೈದನೆಯ ಶತಮಾನದ ಕೊನೆಯ ದಶಕ ಕಾಲಿಡುವ ಹೊತ್ತಿಗೆ ಎಂಟನೆಯ ಇನೊಸೆಂಟ್ ಒಪ್ಪಿಗೆಯ ಪತ್ರ ಕಳಿಸಿದರು. ಅದಕ್ಕೇ ‘ಬೆಣ್ಣೆಪತ್ರ’ ಎಂಬ ಹೆಸರು. ಪುಕ್ಕಟೆಯಲ್ಲ, ಬೆಣ್ಣೆ ತಿನ್ನುವವರು ದಂಡ ಕಟ್ಟಬೇಕು. ಆ ಹಣದಲ್ಲಿ ಒಂದು ಪಾಲು ಫ್ರೈಬೆರ್ಗ್‌ನ ಇಗರ್ಜಿಯ ಕಟ್ಟಡಕ್ಕೆ ಹೋಯಿತು. ಆಮೇಲಿನ ಸ್ಟೋಲನ್ ದಪ್ಪಗಾಗುತ್ತಲೇ ಹೋಯಿತು. 1730ರಲ್ಲಿ ಬಲಶಾಲಿ ಔಗುಸ್ಟ್ ಎಂದೇ ಹೆಸರಾದ ದೊರೆ ತ್ಸೈಟ್‌ಹೈನ್‌ನ ಸೇನಾ ಪ್ರದರ್ಶನಕ್ಕೆ 1.8 ಟನ್ ತೂಕದ ಸ್ಟೋಲನ್ ಬೇಯಿಸಿದ. ಅದನ್ನು ಕೊಯ್ಯಲು 1.6 ಮೀಟರ್ ಉದ್ದದ ಚಾಕುವನ್ನೇ ಮಾಡಿಸಬೇಕಾಯಿತು. 1994ರಿಂದ ಡ್ರೆಸ್ಡೆನ್ನಿನಲ್ಲಿ ನಡೆಯುವ ಸ್ಟೋಲನ್ ಉತ್ಸವ ಆ ದಿನದ ನೆನಪಿನದೇ. ಎರಡನೆಯ ಆಡ್ವೆಂಟ್ ಭಾನುವಾರದ (ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಎರಡನೆಯದು) ಹಿಂದಿನ ದಿನ ಬೀದಿಯಲ್ಲಿ ದೈತ್ಯ ಸ್ಟೋಲನ್ನಿನ ಮೆರವಣಿಗೆ ಬರುತ್ತದೆ.

ಡ್ರೆಸ್ಡೆನ್ನಿನವರು ಇದನ್ನು ಶ್ಟ್ರೀಟ್ಸೆಲ್ ಎಂದೂ ಕರೆಯುತ್ತಾರೆ. 1434ರಿಂದ ನಡೆಯುತ್ತಿರುವ ಅವರ ಕ್ರಿಸ್ಮಸ್ ಸಂತೆಯ ಹೆಸರು ಶ್ಟ್ರೀಟ್ಸೆಲ್‌ಮಾರ್ಕ್ಟ್ ಆದದ್ದು ಹಾಗೆ.

ಬೆಟ್ಟದ ಸೊಸೆ | ನವೆಂಬರ್ 6, ಬೆಳಿಗ್ಗೆ 10:30

ಬೆಣ್ಣೆಪತ್ರದ ಕಥೆಯನ್ನು ಅತ್ತೆಗೆ ಓದಿ ಹೇಳಿದೆ. ‘ನಮಗೆ ಪೋಪ್ ಅಡ್ಡ ಬರಲಿಲ್ಲ, ಅಂಗಡಿಯ ಖಾಲಿ ಕಪಾಟು ಅಡ್ಡ ಬಂತು’ ಎಂದು ನಕ್ಕರು. ಪೂರ್ವ ಜರ್ಮನಿಯ ಕಾಲದಲ್ಲಿ ಬಾದಾಮಿ, ದ್ರಾಕ್ಷಿ, ಮಾದಲ ಸಿಪ್ಪೆ ಸಿಗುವುದು ದುಸ್ತರ. ಕ್ಯಾರೆಟ್ಟನ್ನೂ ಹಸಿರು ಟೊಮೇಟೊವನ್ನೂ ಪಾಕಗಟ್ಟಿಸಿ ಸಿಪ್ಪೆಯ ಬದಲಿಗೆ ಮಾರುತ್ತಿದ್ದರಂತೆ. ಪಶ್ಚಿಮದಲ್ಲಿದ್ದ ನೆಂಟರು ಅಂಚೆಯಲ್ಲಿ ಬಾದಾಮಿ, ದ್ರಾಕ್ಷಿ ಕಳಿಸುತ್ತಿದ್ದರು. ಇವರು ಅದನ್ನೇ ಸ್ಟೋಲನ್ ಮಾಡಿ ಅವರಿಗೆ ಮರಳಿಸುತ್ತಿದ್ದರು. ಈಗಲೂ ಅತ್ತೆ ಬಾದಾಮಿ ಪೊಟ್ಟಣವನ್ನು ಸೆಪ್ಟೆಂಬರ್‌ನಲ್ಲೇ ತಂದು ಬಟ್ಟೆಯ ಕಪಾಟಿನಲ್ಲಿ ಇಡುತ್ತಾರೆ. ಅಂಗಡಿ ಮನೆಯಿಂದ ಇನ್ನೂರು ಮೀಟರ್.

ನೊಯ್‌ಸ್ಟಾಟ್ ನಿವಾಸಿ | ನವೆಂಬರ್ 8, ರಾತ್ರಿ 9:50

ವರದಿ. ಮುಂಗಣಕ 35 ನಿಮಿಷದಲ್ಲಿ ಪಾತ್ರೆಯ ಅಂಚಿಗೆ ಬಂತು, ಕಳೆದ ವಾರ ಆ ದೃಶ್ಯವನ್ನೇ ನಾನು ನೋಡಿರಲಿಲ್ಲ. ಬೆಣ್ಣೆ ಸೇರಿಸುವಾಗ ಮೂರನೆಯ ಪಾಲಿಗೆ ಕಣಕ ಹರಿದು ಮೊಸರು ಒಡೆದಂತಾಯಿತು. ‘ಹೆದರಿಸುತ್ತದೆ’ ಎಂದು ಬರೆದಿದ್ದನ್ನು ನೆನೆದು ನಾದುತ್ತಲೇ ಹೋದೆ, ಆರನೆಯ ನಿಮಿಷಕ್ಕೆ ರೇಷ್ಮೆಯಾಯಿತು. ಕಣಕದ ಶಾಖ 25. ಅಡುಗೆಮನೆಯ ಕಿಟಕಿಯನ್ನು ಬೇಕೆಂದೇ ಸ್ವಲ್ಪ ತೆರೆದಿದ್ದೆ.

ಒಂದು ಎಡವಟ್ಟು: ರಮ್ಮನ್ನು ಸರಿಯಾಗಿ ಸೋಸಲಿಲ್ಲ. ಹಣ್ಣು ಸೇರಿಸಿದ ಕೂಡಲೇ ಎಲ್ಲವೂ ಜಾರತೊಡಗಿತು. ಎರಡು ಚಮಚ ಹಿಟ್ಟು ಉದುರಿಸಿ ಸಂಭಾಳಿಸಿದೆ. ಆಕಾರ ಕೂಸಿನಂತೆ ಬರಲಿಲ್ಲ, ಮಲಗಿದ ಕಡವೆಯಂತೆ ಬಂತು. 47 ನಿಮಿಷಕ್ಕೆ ಒಳಗೆ 93 ಡಿಗ್ರಿ. ಈಗ ಎರಡೂ ಬಿಳಿ ಹೊದ್ದು ಮೇಜಿನ ಮೇಲಿವೆ. ಕೊಯ್ಯಲು ಕೈ ತುರಿಸುತ್ತಿದೆ.

ಬೆಟ್ಟದ ಸೊಸೆ | ನವೆಂಬರ್ 8, ರಾತ್ರಿ 9:53

ಕೊಯ್ಯಬೇಡಿ!

ತಕ್ಕಡಿ | ನವೆಂಬರ್ 8, ರಾತ್ರಿ 9:55

ಕೊಯ್ಯಬೇಡಿ. ಇವತ್ತು ಕೊಯ್ದರೆ ಬೆಣ್ಣೆ ಒಂದು ಕಡೆ, ಹಣ್ಣು ಒಂದು ಕಡೆ, ಬ್ರೆಡ್ ಒಂದು ಕಡೆ ಎನ್ನಿಸುತ್ತದೆ. ಎರಡು ಮೂರು ವಾರದಲ್ಲಿ ಹಣ್ಣಿನ ತೇವ, ಮಸಾಲೆಯ ಪರಿಮಳ ಸುತ್ತಲಿನ ಕಣಕಕ್ಕೆ ಹರಡುತ್ತದೆ. ಬೆಣ್ಣೆಕಾಗದದಲ್ಲಿ ಸುತ್ತಿ, ಮೇಲೆ ಅಲ್ಯೂಮಿನಿಯಂ ಹಾಳೆ, ಆಮೇಲೆ ತಗಡಿನ ಡಬ್ಬಿ. ಹತ್ತರಿಂದ ಹದಿನೈದು ಡಿಗ್ರಿಯ ಜಾಗ.

ನೊಯ್‌ಸ್ಟಾಟ್ ನಿವಾಸಿ | ನವೆಂಬರ್ 8, ರಾತ್ರಿ 10:10

ಫ್ರಿಜ್ಜಿನಲ್ಲಿ ಇಡಬಹುದೇ? ಬಾಲ್ಕನಿ? ಕಟ್ಟಡದ ನೆಲಮಾಳಿಗೆಯಲ್ಲಿ ನಮಗೊಂದು ಗೂಡಿದೆ, ಆದರೆ ಅಲ್ಲಿ ಕಾರಿನ ಟೈರುಗಳನ್ನು ಇಟ್ಟಿದ್ದೇನೆ.

ತಕ್ಕಡಿ | ನವೆಂಬರ್ 8, ರಾತ್ರಿ 10:22

ಫ್ರಿಜ್ ಬೇಡ, ಬ್ರೆಡ್ಡಿನ ಪಿಷ್ಟ ಬೇಗ ಗಡಸಾಗುವುದು ಆ ತಂಪಿನಲ್ಲೇ. ಬಾಲ್ಕನಿಯಲ್ಲಿ ಹಗಲಿಗೆ ಬಿಸಿಲು, ರಾತ್ರಿ ಹಿಮ. ಒಮ್ಮೆ ಬೆವರಿದರೆ ಸಕ್ಕರೆ ಕರಗಿ ಬೂಷ್ಟಿಗೆ ದಾರಿಯಾಗುತ್ತದೆ. ನೆಲಮಾಳಿಗೆಯೇ ಸರಿ. ಆದರೆ ಬೆಣ್ಣೆ ಯಾವ ವಾಸನೆಯನ್ನಾದರೂ ಹೀರುತ್ತದೆ. ಮುಚ್ಚಳ ಬಿಗಿಯಾಗಿರದಿದ್ದರೆ ಆಡ್ವೆಂಟ್ ದಿನ ಟೈರ್ ರುಚಿಯ ಸ್ಟೋಲನ್ ತಿನ್ನುತ್ತೀರಿ.

ಬೆಣ್ಣೆಗಳ್ಳ | ನವೆಂಬರ್ 8, ರಾತ್ರಿ 10:25

ಬೇಸಿಗೆಯ ಟೈರೋ, ಚಳಿಗಾಲದ ಟೈರೋ?

ಬೆಟ್ಟದ ಸೊಸೆ | ನವೆಂಬರ್ 8, ರಾತ್ರಿ 10:40

ಡಬ್ಬಿ ತಗಡಿನದೇ ಇರಲಿ, ಪ್ಲಾಸ್ಟಿಕ್ ಚೀಲವನ್ನು ನಂಬಬೇಡಿ. ನಮ್ಮ ನೆಲಮಾಳಿಗೆಯ ಇಲಿ ಒಂದು ವರ್ಷ ಆಡ್ವೆಂಟ್‌ಗೆ ಮೊದಲೇ ಹಬ್ಬ ಮಾಡಿತ್ತು. ಅದೂ ನಡುವಿನಿಂದಲೇ ಶುರುಮಾಡಿತ್ತು, ಸಂಪ್ರದಾಯ ಬಲ್ಲ ಇಲಿ.

ಮೊದಲ ಕಣಕ | ನವೆಂಬರ್ 9, ಬೆಳಿಗ್ಗೆ 11:00

ನಡುವಿನಿಂದ ಏಕೆ, ಅಕ್ಕ?

ಬೆಟ್ಟದ ಸೊಸೆ | ನವೆಂಬರ್ 9, ಬೆಳಿಗ್ಗೆ 11:20

ಸ್ಟೋಲನ್ನನ್ನು ತುದಿಯಿಂದ ಕೊಯ್ಯುವುದಿಲ್ಲ. ನಡುವೆ ಎರಡು ಮಾಡಿ, ಬೇಕಾದಷ್ಟು ಹೋಳು ತೆಗೆದು, ಉಳಿದ ಎರಡು ತುಂಡುಗಳ ಕೊಯ್ದ ಮುಖಗಳನ್ನು ಒಂದಕ್ಕೊಂದು ಒತ್ತಿ ಸುತ್ತಿಡುತ್ತಾರೆ. ಹಾಗಾದರೆ ಗಾಳಿಗೆ ಒಡ್ಡಿಕೊಂಡ ಮುಖವೇ ಇರುವುದಿಲ್ಲ, ಕೊನೆಯವರೆಗೂ ಒಣಗುವುದಿಲ್ಲ.

ಮೊದಲ ಕಣಕ | ನವೆಂಬರ್ 23, ರಾತ್ರಿ 8:40

ನಾನೂ ಮಾಡಿದೆ! ಸೇಬಿನ ರಸದಲ್ಲಿ ನೆನೆಸಿ, ಕೈಯಲ್ಲಿ ನಾದಿ, ಅರ್ಧಕ್ಕೆ ಟ್ರೇ ತಿರುಗಿಸಿ. ಅಳತೆ ಅರ್ಧ, ಸ್ಟೋಲನ್ ಒಂದೇ. ಮುಂದಿನ ಭಾನುವಾರ ಕೊಯ್ಯುವುದೆಂದು ಕಪಾಟಿನಲ್ಲಿ ಬಚ್ಚಿಟ್ಟಿದ್ದೇನೆ, ಪಕ್ಕದ ಕೋಣೆಯವರು ಈಗಾಗಲೇ ವಾಸನೆ ಹಿಡಿದಿದ್ದಾರೆ.

ನೊಯ್‌ಸ್ಟಾಟ್ ನಿವಾಸಿ | ನವೆಂಬರ್ 30, ಸಂಜೆ 5:30

ಇವತ್ತು ಮೊದಲ ಆಡ್ವೆಂಟ್. ಇಪ್ಪತ್ತೆರಡು ದಿನದ ಮೇಲೆ ಡಬ್ಬಿ ತೆರೆದೆ. ಟೈರಿನ ವಾಸನೆ ಇಲ್ಲ. ಕೆಳಗಿನ ಮನೆಯ ಅಜ್ಜಿಯನ್ನು ಕಾಫಿಗೆ ಕರೆದಿದ್ದೆ, ಹುಟ್ಟಿ ಬೆಳೆದದ್ದೆಲ್ಲ ಡ್ರೆಸ್ಡೆನ್ನಿನಲ್ಲೇ. ಅವರೆದುರಿಗೆ ನಡುವಿನಿಂದ ಚಾಕು ಹಾಕಿದೆ. ಈ ಸಲ ಗರಗಸ ಬೇಕಾಗಲಿಲ್ಲ. ಒಳಗೆ ಹೊಂಬಣ್ಣ, ಒತ್ತಾಗಿದ್ದರೂ ಮೆದು, ದ್ರಾಕ್ಷಿಗಳು ಇಡಿಇಡಿಯಾಗಿ ಉಳಿದಿವೆ. ಜಾರಿದ ಕಣಕಕ್ಕೆ ಹಿಟ್ಟು ಉದುರಿಸಿದ ಕಡೆ ಮಾತ್ರ ಒಂದು ಬಿಳಿ ಗೆರೆ.

ಅಜ್ಜಿ ಮೊದಲು ಗೆರೆಯನ್ನೇ ನೋಡಿದರು. ಆಮೇಲೆ ಒಂದು ಹೋಳನ್ನು ನಿಧಾನವಾಗಿ ತಿಂದು, ‘ಜಾಪತ್ರೆ ಸ್ವಲ್ಪ ಮುಂದಾಯಿತು’ ಎಂದರು. ಎರಡನೆಯ ಹೋಳನ್ನು ಕೇಳದೆಯೇ ತೆಗೆದುಕೊಂಡರು. ಹೊರಡುವಾಗ ಮೂರನೆಯದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡರು.

ಬೆಟ್ಟದ ಸೊಸೆ | ನವೆಂಬರ್ 30, ಸಂಜೆ 5:41

ಇಲ್ಲಿಯ ಅಜ್ಜಿಯೊಬ್ಬರು ಕರವಸ್ತ್ರ ಬಿಚ್ಚಿದರೆಂದರೆ ಪದಕ ಸಿಕ್ಕಂತೆ. ಈ ವರ್ಷ ಅತ್ತೆಯ ಮೊಣಕೈ ನೋವಿನಿಂದಾಗಿ ಹತ್ತನ್ನೂ ನಾನೇ ನಾದಿದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಏನೂ ಅನ್ನಲಿಲ್ಲ, ಆದರೆ ಕೊನೆಯದಕ್ಕೆ ತಗಡಿನ ಗುರುತನ್ನು ತಾವೇ ಚುಚ್ಚಿದರು.

ದ್ರಾಕ್ಷಿ ಬೇಡ | ನವೆಂಬರ್ 30, ಸಂಜೆ 6:15

ನಾನು ಗಸಗಸೆಯದು ಮಾಡಿದೆ. ಹಳೆಯ ಕಾಗದ ಅವರೇ, ಒಪ್ಪುತ್ತೇನೆ, ಮಾರ್ಜಿಪಾನಿಗಿಂತ ಚೆನ್ನಾಗಿದೆ. ಹಲ್ಲಿನಿಂದ ಗಸಗಸೆ ತೆಗೆಯುವ ಉಪಾಯವೇನಾದರೂ ಹಳೆಯ ಕಾಗದಗಳಲ್ಲಿ ಇದೆಯೇ?

ಬೆಣ್ಣೆಗಳ್ಳ | ನವೆಂಬರ್ 30, ಸಂಜೆ 6:20

ನೊಯ್‌ಸ್ಟಾಟ್ ನಿವಾಸಿ ಅವರೇ, ಬಾಗಿಲಿಗೆ ಆನಿಸಿಟ್ಟದ್ದು ಇನ್ನೂ ಇದೆಯೇ?

ನೊಯ್‌ಸ್ಟಾಟ್ ನಿವಾಸಿ | ನವೆಂಬರ್ 30, ಸಂಜೆ 6:32

ಇಲ್ಲ. ಅದನ್ನು ತುಂಡು ಮಾಡಿ, ಹಾಲಿನಲ್ಲಿ ನೆನೆಸಿ, ಬೆಣ್ಣೆಯಲ್ಲಿ ಹುರಿದು ತಿಂದು ಮುಗಿಸಿದೆ. ಇಪ್ಪತ್ತು ಯೂರೋ ಅಲ್ಲವೇ.